ವಾಯಿದೆ ಕೇಳುವುದರಲ್ಲೇ ಎರಡೂವರೆ ವರ್ಷ ಹೋಯಿತು, ಈಗ ಏನು ಮಾಡಲಿ?

ಪ್ರಶ್ನೆ: ನಾನು ಬ್ಯಾಡಗಿ ತಾಲೂಕಿನವನು, ವಯಸ್ಸು 26. ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ ಮುಗಿಸಿ, ಅಲ್ಲೇ ಒಬ್ಬ ಹಿರಿಯ ವಕೀಲರ ಹತ್ತಿರ ಎರಡೂವರೆ ವರ್ಷದಿಂದ ಜೂನಿಯರ್ ಆಗಿದ್ದೇನೆ. ತಿಂಗಳಿಗೆ 6,000 ಕೊಡುತ್ತಾರೆ. ನಾಲ್ಕೈದು ಕೋರ್ಟ್ ಹಾಲ್‌ಗಳಿಗೆ ಓಡಾಡಿ ವಾಯಿದೆ (ಮುಂದಿನ ತಾರೀಖು) ಕೇಳುವುದು, ನಕಲು ತರುವುದು, ಇಷ್ಟೇ ಕೆಲಸ. ಈಗ ಬೆಂಗಳೂರಿನಲ್ಲಿ ಸಾಲ ಕೊಡುವ ಒಂದು ಕಂಪನಿಯ ಕಾನೂನು ವಿಭಾಗದಲ್ಲಿ 32,000 ಸಂಬಳದ ಕೆಲಸ ಸಿಕ್ಕಿದೆ. ಅಪ್ಪ ಹೋಗು ಅನ್ನುತ್ತಾರೆ. ಕೋರ್ಟ್ ಬಿಡಲು ನನಗೆ ಮನಸ್ಸಿಲ್ಲ, ಆದರೆ ಇಲ್ಲಿ ಬೆಳೆಯುತ್ತಿದ್ದೇನೆ ಅಂತಲೂ ಅನ್ನಿಸುತ್ತಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ. ಇರಲೋ, ಬಿಡಲೋ ಮೇಡಂ?

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ 6,000 ಎಂಬಲ್ಲಿ ನಿಂತೆ. ಎರಡನೇ ಸಲ ‘ಎರಡೂವರೆ ವರ್ಷ’ ಎಂಬಲ್ಲಿ. ಎರಡನೆಯದನ್ನೇ ಮೊದಲು ಹೇಳುತ್ತೇನೆ, ಅದಕ್ಕೆ ತಾರೀಖಿನ ಲೆಕ್ಕವಿದೆ.

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಬೇಕಾದರೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿತು. ಕಾಲೇಜು ಮುಗಿಸಿ ನೇರವಾಗಿ ಕೋಚಿಂಗ್‌ಗೆ ಹೋಗುತ್ತಿದ್ದ ಎಷ್ಟೋ ಹುಡುಗರು ಅವತ್ತು ತಲೆಯ ಮೇಲೆ ಕೈ ಹೊತ್ತು ಕೂತರು. ಈ ಮೂರು ವರ್ಷದ ಲೆಕ್ಕ ಶುರುವಾಗುವುದು ತಾತ್ಕಾಲಿಕ ನೋಂದಣಿಯ ದಿನದಿಂದ, ಎಐಬಿಇ (ವಕೀಲರ ಪರಿಷತ್ತಿನ ಅರ್ಹತಾ ಪರೀಕ್ಷೆ) ಪಾಸಾದ ದಿನದಿಂದಲ್ಲ. ಕನಿಷ್ಠ ಹತ್ತು ವರ್ಷ ಅನುಭವವಿರುವ ವಕೀಲರು ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಕೋರ್ಟಿನ ಪ್ರಧಾನ ನ್ಯಾಯಾಧೀಶರ ದೃಢೀಕರಣ ಬೇಕು.

ಈಗ ಕಂಪನಿಯ ಕಡೆ ನೋಡಿ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದವರು ವಕೀಲಿಕೆ ಮಾಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಅದು. ರಾಜ್ಯ ಪರಿಷತ್ತಿಗೆ ತಿಳಿಸಿ ಸನದು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿಡಬೇಕು. ಆಮೇಲೆ ಬಿಡಿಸಿಕೊಳ್ಳಬಹುದು, ಆದರೆ ನಡುವಿನ ವರ್ಷಗಳು ವಕೀಲಿಕೆಯ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ನೀವು ಇವತ್ತು ಹೊರಟರೆ ಆರು ತಿಂಗಳು ಕಡಿಮೆ ಬಿದ್ದ ಸನದು ಹಿಡಿದು ಹೊರಟಂತೆ. ಹುಗ್ಗಿ ಕುದಿಯುವಾಗ ಒಲೆ ಆರಿಸುವವರನ್ನು ನಮ್ಮವ್ವ ಬೈಯುತ್ತಿದ್ದಳು. ನ್ಯಾಯಾಧೀಶನಾಗುವ ಆಸೆ ನನಗಿಲ್ಲ ಅನ್ನಬಹುದು ನೀವು. 26ರಲ್ಲಿ ನನಗೂ ಇರಲಿಲ್ಲ. 34ಕ್ಕೆ ಬಂತು, ಆಗ ನನ್ನ ಸಣ್ಣ ಮಗಳಿಗೆ ಎರಡು ವರ್ಷ, ಓದಲು ಕೂರಲು ಆಗಲಿಲ್ಲ. ಆ ಮಾತು ಬಿಡಿ.

ಇನ್ನು ದುಡ್ಡು. ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಸಲಹೆ, ಕಡ್ಡಾಯವಲ್ಲ. ಕಡ್ಡಾಯವಲ್ಲದ್ದನ್ನು ವಕೀಲರು ಎಷ್ಟು ಚೆನ್ನಾಗಿ ಓದಿಕೊಳ್ಳುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ನಾನೂ ಸಾಚಾ ಅಲ್ಲ. ನನ್ನ ಆಫೀಸಿನ ಹುಡುಗಿಗೆ 12,000 ಕೊಡುತ್ತೇನೆ. ‘ನಮ್ಮ ಕಾಲದಲ್ಲಿ ಬಸ್ ಚಾರ್ಜೂ ಕೊಡುತ್ತಿರಲಿಲ್ಲ’ ಎಂದು ನಾವು ಹಿರಿಯರು ಸಂಘದ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತೇವೆ. ನಮಗೆ ಆಗಿದ್ದು ಅನ್ಯಾಯ ಅಂತ ಹೇಳುವ ಬದಲು ಅದನ್ನೇ ಪದ್ಧತಿ ಮಾಡಿಕೊಂಡಿದ್ದೇವೆ. ಆದ್ದರಿಂದ 6,000 ಸಾಲುತ್ತಿಲ್ಲ ಅನ್ನುವುದಕ್ಕೆ ನೀವು ಸಂಕೋಚಪಡಬೇಡಿ. ಹುಬ್ಬಳ್ಳಿಯಲ್ಲಿ ರೂಮಿನ ಬಾಡಿಗೆ, ಖಾನಾವಳಿ ಲೆಕ್ಕ ಕಳೆದರೆ ಅದರಲ್ಲಿ ಉಳಿಯುವುದು ಕರಿ ಕೋಟು ಒಗೆಸುವಷ್ಟು.

ಮನೆಯಲ್ಲಿ ಸಾಲವಿದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ಅದರಲ್ಲೂ ಖಾಸಗಿ ಬಡ್ಡಿಯ ಸಾಲವಿದ್ದರೆ, ಈ ಉತ್ತರವನ್ನು ಇಲ್ಲಿಗೇ ಮಡಚಿಟ್ಟು ಬೆಂಗಳೂರಿಗೆ ಹೋಗಿ. ಅಪ್ಪನ ಕುತ್ತಿಗೆಗೆ ಬಂದಿರುವಾಗ ಮಗ ಕೋರ್ಟಿನಲ್ಲಿ ಅನುಭವ ಗಳಿಸುತ್ತಿದ್ದಾನೆ ಅನ್ನುವ ಸಮಾಧಾನ ಯಾರಿಗೂ ಬೇಡ. ನನ್ನ ಹತ್ತಿರ ಇದ್ದ ಒಬ್ಬ ಹುಡುಗ ಹಾಗೇ ಹೋದ. ಅಲ್ಲಿ ಚೆನ್ನಾಗಿದ್ದಾನೆ, ಅಕ್ಕನ ಮದುವೆ ಮಾಡಿದ. ದೀಪಾವಳಿಗೆ ಬಂದಾಗ ಪೇಢೆ ತಂದು ಕೊಡುತ್ತಾನೆ. ಧಾರವಾಡದವಳಿಗೆ ಬೆಂಗಳೂರಿನಿಂದ ಪೇಢೆ! ಇರಲಿ.

ಸಾಲ ಇಲ್ಲ, ಅಥವಾ ಇದ್ದರೂ ಆರು ತಿಂಗಳು ತಡೆಯುವಂಥದ್ದು ಅಂದರೆ ಮುಂದೆ ಓದಿ.

ಬೆಳೆಯುತ್ತಿದ್ದೇನೆ ಅನ್ನಿಸುತ್ತಿಲ್ಲ ಎಂದು ಬರೆದಿದ್ದೀರಿ. ನಾನು ನಿಮಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಈ ಎರಡೂವರೆ ವರ್ಷದಲ್ಲಿ, ವಕಾಲತ್ತು ಹಾಕಿದ ದಿನದಿಂದ ಇವತ್ತಿನವರೆಗೆ ಪೂರ್ತಿ ಗೊತ್ತಿರುವ ಫೈಲು ನಿಮ್ಮ ಹತ್ತಿರ ಎಷ್ಟಿವೆ? ನಂಬರು ಗೊತ್ತಿರುವುದಲ್ಲ, ಮುಂದಿನ ತಾರೀಖು ಗೊತ್ತಿರುವುದಲ್ಲ. ದಾವಾದಲ್ಲಿ ಏನು ಬರೆದಿದೆ, ಕೈಫಿಯತ್ತಿನಲ್ಲಿ (ದಾವಾಕ್ಕೆ ಕೊಟ್ಟ ಲಿಖಿತ ಉತ್ತರದಲ್ಲಿ) ಎದುರಿನವರು ಯಾವುದನ್ನು ಒಪ್ಪಿದ್ದಾರೆ, ಯಾವುದಕ್ಕೆ ಉತ್ತರವನ್ನೇ ಕೊಟ್ಟಿಲ್ಲ, ಪಕ್ಷಗಾರನ ಹೊಲಕ್ಕೆ ದಾರಿ ಯಾವ ಕಡೆಯಿಂದ, ಇಷ್ಟೂ ಗೊತ್ತಿರುವ ಫೈಲು. ಒಂದೂ ಇಲ್ಲ ಅನ್ನುತ್ತೀರಿ ಅಲ್ವಾ? ನಿಮ್ಮ ಕೊರತೆ ಇದು. ಇಂಗ್ಲಿಷ್ ಅಲ್ಲ, ಹುಬ್ಬಳ್ಳಿಯೂ ಅಲ್ಲ.

ನನ್ನ ಮೊದಲ ಫೈಲು ನನಗೆ ಸಿಕ್ಕಿದ್ದು ನನ್ನ ತಪ್ಪಿನಿಂದ. 1997ರ ಮಳೆಗಾಲ. ಗದಗ, ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ನಾನು ಸನದು ತೆಗೆದುಕೊಂಡು ಒಂದು ವರ್ಷವಾಗಿತ್ತು. ಕುಂದಗೋಳ ತಾಲೂಕಿನ ಒಬ್ಬ ಮುದುಕಿಯ ದಾವಾ ನಮ್ಮ ಆಫೀಸಿಗೆ ಬಂತು. ಗಂಡ ತೀರಿಕೊಂಡಿದ್ದ. ಎಂದೋ ವಾಟ್ನಿಯಾಗಿ (ಆಸ್ತಿ ಹಂಚಿಕೆಯಾಗಿ) ಅವಳ ಪಾಲಿಗೆ ಬಂದ ಎರಡೆಕರೆ ಎರೆ ಹೊಲದಲ್ಲಿ ಮೈದುನ ಕಾಲಿಡುತ್ತಿದ್ದ. ತಡೆಯಾಜ್ಞೆ ಬೇಕಿತ್ತು. ಎದುರಿನವರಿಗೆ ನೋಟಿಸ್ ಕಳಿಸಿ ಎಂದು ಆದೇಶವಾಯಿತು. ನೋಟಿಸ್ ಹೋಗಬೇಕಾದರೆ ಪ್ರೋಸೆಸ್ ಫೀ ಕಟ್ಟಬೇಕು. ಸೀನಿಯರ್ ದುಡ್ಡು ಕೊಟ್ಟರು, ಮೆಮೊ ಕೊಟ್ಟರು. ನಾನು ಮೆಮೊವನ್ನು ಡೈರಿಯಲ್ಲಿಟ್ಟೆ. ಅದು ಅಲ್ಲೇ ಉಳಿಯಿತು.

ಮುಂದಿನ ತಾರೀಖಿಗೆ ಇನ್ನೊಂದು ಅವಕಾಶ ಕೊಟ್ಟರು. ನಾನು ಎದ್ದು ನಿಂತು ‘ಕಟ್ಟುತ್ತೇವೆ ಸ್ವಾಮಿ’ ಎಂದೆ. ಮತ್ತೆ ಮರೆತೆ. ಮೂರನೇ ತಾರೀಖಿಗೆ ಆರ್ಡರ್ ಶೀಟಿನಲ್ಲಿ ಒಂದು ಸಾಲು ಬಿತ್ತು: ಕ್ರಮ ಕೈಗೊಂಡಿಲ್ಲ, ದಾವಾ ವಜಾ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 9, ನಿಯಮ 2. ಕಾಲೇಜಿನಲ್ಲಿ ಆ ನಿಯಮಕ್ಕೆ ಐದು ಅಂಕದ ಟಿಪ್ಪಣಿ ಬರೆದಿದ್ದೆ, ಐದಕ್ಕೆ ನಾಲ್ಕೂವರೆ ಬಂದಿತ್ತು.

ಸೀನಿಯರ್ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ‘ಊರಿಗೆ ಹೋಗಿ ನೀನಽ ಹೇಳಿ ಬಾ’ ಎಂದರು. ಅಷ್ಟೇ. ಅದಕ್ಕಿಂತ ಕೂಗಾಡಿದ್ದರೆ ಚೆನ್ನಾಗಿತ್ತು.

ಬಸ್ಸಿಳಿದು ಎರಡು ಮೈಲಿ ನಡೆದೆ. ಚಪ್ಪಲಿಗೆ ಎರೆ ಮಣ್ಣು ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ಭಾರ. ಮುದುಕಿ ನನ್ನನ್ನು ಹೊಲಕ್ಕೇ ಕರೆದುಕೊಂಡು ಹೋದಳು. ಅರ್ಧ ಹೊಲದಲ್ಲಿ ಹೆಸರು ಎರಡೆಲೆ ಬಿಟ್ಟಿತ್ತು. ಬಿತ್ತಿದವನು ಮೈದುನ. ನಾನು ಮೆಮೊ ಡೈರಿಯಲ್ಲಿಟ್ಟುಕೊಂಡು ಓಡಾಡಿದ ದಿನಗಳಲ್ಲೇ ಅದು ಮೊಳೆತಿತ್ತು. ಆಗಿದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ‘ಮತ್ತ ರೊಕ್ಕ ಕೊಡಬೇಕೇನವ್ವಾ?’ ಎಂದು ಕೇಳಿದಳು. ಬೇಡ ಎಂದೆ. ‘ಹಂಗಾರ ಮುಂದಿನ ತಾರೀಖಿಗೆ ನೀನಽ ಬರ್ತೀ ಹೌದಲ್ಲೊ?’ ಎಂದಳು. ಮನೆಗೆ ಕರೆದು ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ನಾನು ತಿನ್ನುತ್ತಿರುವಾಗ ಟ್ರಂಕಿನಿಂದ ಕಾಗದದ ಗಂಟು ಬಿಚ್ಚಿ ಮುಂದಿಟ್ಟಳು. ನಾವು ದಾವಾ ಬರೆಯುವಾಗ ಉತಾರವನ್ನಷ್ಟೇ (ಹೊಲದ ಪಹಣಿ) ಕೇಳಿದ್ದೆವು. ಅದರ 9ನೇ ಕಲಮಿನಲ್ಲಿ ಅವಳ ಹೆಸರಿತ್ತು, ಅಷ್ಟು ಸಾಕು ಅಂದುಕೊಂಡಿದ್ದೆವು. ಗಂಟಿನಲ್ಲಿ ಸೊಸೈಟಿಯ ಪಾಸ್‌ಬುಕ್ ಇತ್ತು. ಬೆಳೆಸಾಲ ತೆಗೆದಿದ್ದು, ಕಟ್ಟಿದ್ದು, ಮತ್ತೆ ತೆಗೆದಿದ್ದು, ವರ್ಷ ವರ್ಷದ ಲೆಕ್ಕ. ಉತಾರದ 11ನೇ ಕಲಮಿನಲ್ಲಿ ಸೊಸೈಟಿಯ ಬೋಜಾ (ಸಾಲದ ಹೊರೆ) ಬರೆದಿದ್ದನ್ನು ನಾವೆಲ್ಲ ಕಣ್ಣಿನಿಂದ ದಾಟಿ ಹೋಗಿದ್ದೆವು.

30 ದಿನದೊಳಗೆ ಅರ್ಜಿ ಹಾಕಿದೆವು. ದಾವಾ ಮತ್ತೆ ಊರ್ಜಿತವಾಯಿತು, ತಡೆಯಾಜ್ಞೆಯೂ ಸಿಕ್ಕಿತು. ಫೈಲಿನ ಮೇಲೆ ಸೀನಿಯರ್ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದರು. ಮೂರು ವರ್ಷದ ನಂತರ ಮೈದುನನಿಗೆ ಪಾಟೀಸವಾಲು. ಈ ಹೊಲ ಮೊದಲಿನಿಂದಲೂ ನಾನೇ ಬಿತ್ತುತ್ತೇನೆ ಎಂದು ಅವನು ಮುಖ್ಯ ವಿಚಾರಣೆಯಲ್ಲಿ ಹೇಳಿದ್ದ.

‘ಈ ಹೊಲದ ಮೇಲೆ ಸೊಸೈಟಿ ಸಾಲ ತೆಗೆದವರು ಯಾರು?’

‘ನಮ್ಮ ವೈನಿ.’

‘ಕಟ್ಟಿದವರು?’

‘ಆಕೀನಽ.’

ಅಲ್ಲಿಗೆ ಕೂತುಬಿಡಬೇಕಿತ್ತು. ನಾನು ಕೂರಲಿಲ್ಲ. ‘ನೀವು ಬಿತ್ತೋ ಹೊಲಕ್ಕ ಆಕಿ ಯಾಕ ಸಾಲ ಕಟ್ಟಬೇಕ್ರಿ?’ ಎಂದು ಕೇಳಿದೆ. ಅವನು ತನ್ನ ವಕೀಲರ ಮುಖ ನೋಡಿದ. ಪುಣ್ಯಕ್ಕೆ ಅವನಿಗೆ ಉತ್ತರ ಹೊಳೆಯಲಿಲ್ಲ. ‘ಆಕಿಗೆ ಗಂಡಸರಿಲ್ಲ, ಆಕಿ ಹೆಸರಲ್ಲಿ ನಾನಽ ಕಟ್ಟಿಸೀನಿ’ ಎಂದಿದ್ದರೆ ನನ್ನ ಮೂರು ವರ್ಷ ನೀರಿಗೆ ಹೋಗುತ್ತಿತ್ತು. ಪಾಟೀಸವಾಲಿನಲ್ಲಿ ‘ಯಾಕೆ’ ಎಂದು ಕೇಳಬೇಡಿ, ತಮ್ಮಾ. ಬಾಗಿಲು ತೆಗೆದು ಕರೆದಂತೆ ಅದು. ಆ ಹುಮ್ಮಸ್ಸು ಇಳಿಯಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು.

ಇಷ್ಟುದ್ದ ಯಾಕೆ ಬರೆದೆ ಅಂದರೆ, ಆ ಮೊದಲ ವರ್ಷದಲ್ಲಿ ನಾನೂ ನಿಮ್ಮ ಹಾಗೆಯೇ ದಿನಕ್ಕೆ ನಾಲ್ಕು ಹಾಲ್ ಓಡಾಡುತ್ತಿದ್ದೆ. ಮೆಮೊ ಮರೆತದ್ದು ಸೋಮಾರಿತನದಿಂದಲ್ಲ. ಅದು ಯಾರದೋ ಫೈಲಾಗಿತ್ತು, ನನಗೆ ಅದರಲ್ಲಿ ಮುಖ ಕಾಣುತ್ತಿರಲಿಲ್ಲ. ಮುದುಕಿಯ ಮನೆಯಲ್ಲಿ ಉಂಡು ಬಂದ ಮೇಲೆ ಆ ದಾವಾದ ಒಂದು ತಾರೀಖನ್ನೂ ನಾನು ಡೈರಿ ನೋಡಿ ಹೇಳಬೇಕಾಗಲಿಲ್ಲ.

ಹಾಗಾದರೆ ಸೀನಿಯರ್‌ಗೆ ಏನು ಕೇಳಬೇಕು? ‘ಸರ್, ನನಗೆ ಕೆಲಸ ಕಲಿಸಿ’ ಅನ್ನಬೇಡಿ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಸಂಜೆ ಪಕ್ಷಗಾರರೆಲ್ಲ ಹೋದ ಮೇಲೆ ಒಂದು ಫೈಲಿನ ಹೆಸರು ಹಿಡಿದೇ ಕೇಳಿ: ‘ಈ ವಾಟ್ನಿ ದಾವಾ ನಾನು ನೋಡಿಕೊಳ್ಳುತ್ತೇನೆ ಸರ್, ಕರಡು ನಾನು ಬರೆಯುತ್ತೇನೆ, ನೀವು ತಿದ್ದಿ.’ ಸಣ್ಣದನ್ನೇ ಕೇಳಿ, ಎರಡು ಸಾಕ್ಷಿಯದು. ಕೇಳುವ ಮೊದಲು ಆ ಫೈಲನ್ನು ಮೂರು ಸಲ ಓದಿರಿ. ಸೀನಿಯರ್‌ಗೆ ನೆನಪಿಲ್ಲದ ಒಂದು ಸಂಗತಿ ಅದರಲ್ಲಿ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಬೀಳುತ್ತದೆ, ನಂಬಿ. ನೂರಾರು ಫೈಲಿಟ್ಟುಕೊಂಡ ನಾವು ಅಷ್ಟು ಓದುವುದಿಲ್ಲ.

ವಾಟ್ನಿ ದಾವಾ ಅಂತ ಸುಮ್ನೆ ಹೇಳಲಿಲ್ಲ. ನಮ್ಮ ಕಡೆ ಕೋರ್ಟುಗಳಲ್ಲಿ ಹೊಲ-ಮನೆಯ ಜಗಳವೇ ಜಾಸ್ತಿ, ಮತ್ತು ಅದರಲ್ಲಿ ಕಾನೂನೇ ಕಾಲಡಿ ಜಾರಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ನಮ್ಮ ರಾಜ್ಯದಲ್ಲಿ 1994ರಲ್ಲೇ ಒಂದು ತಿದ್ದುಪಡಿ ಬಂದಿತ್ತು, ಆದರೆ ಆ ಹೊತ್ತಿಗಾಗಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ತಂದೆ ಬದುಕಿರಬೇಕೇ ಬೇಡವೇ ಅನ್ನುವ ಗೊಂದಲಕ್ಕೆ 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೆರೆ ಎಳೆಯಿತು. ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿರಬೇಕಾಗಿಲ್ಲ. ಆ ತೀರ್ಪು ಬಂದ ವಾರ ನಾನು ಕಪಾಟಿನಿಂದ ಹನ್ನೊಂದು ಫೈಲು ಇಳಿಸಿ, ಬರೆದಿದ್ದ ವಾದವನ್ನು ಮತ್ತೆ ಬರೆದೆ. ಅದರಲ್ಲಿ ನಾಲ್ಕು ಫೈಲಿನಲ್ಲಿ ನಾನು ಅಣ್ಣತಮ್ಮಂದಿರ ಪರ ಇದ್ದೆ. ಅವರಿಗೆ ಫೋನ್ ಮಾಡಿ ‘ಅಕ್ಕನ ಜೊತೆ ಕೂತು ಮಾತಾಡಿಕೊಳ್ಳಿ’ ಅನ್ನಬೇಕಾಯಿತು. ಇಬ್ಬರು ಫೈಲು ತೆಗೆದುಕೊಂಡು ಬೇರೆ ವಕೀಲರ ಹತ್ತಿರ ಹೋದರು.

ನಿಮ್ಮ ವಯಸ್ಸಿನವರಿಗೆ ಈಗ ಇನ್ನೊಂದು ಅನುಕೂಲವಿದೆ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸವು ಬಂದವು. ನಮಗೆ ಬಾಯಿಪಾಠವಾಗಿದ್ದ ಕಲಂಗಳು ಒಂದೇ ರಾತ್ರಿಯಲ್ಲಿ ಹಳೆಯವಾದವು. ಕೊಲೆಯ 302 ಹೋಗಿ 103, ಜೀವನಾಂಶದ 125 ಹೋಗಿ 144. ಜನ ಇನ್ನೂ ಫೋರ್ ಟ್ವೆಂಟಿ ಅಂತಲೇ ಬೈಯುತ್ತಾರೆ, 318 ಎಂದು ಯಾರೂ ಬೈದದ್ದು ಕೇಳಿಲ್ಲ. ಆ ಜುಲೈನಲ್ಲಿ ನನ್ನ ಜೂನಿಯರ್ ಹುಡುಗಿ ನನಗಿಂತ ಮುಂದಿದ್ದಳು. ನಾನು ಎರಡು ಕಾಲಮಿನ ನೋಟ್‌ಬುಕ್ ಮಾಡಿಕೊಂಡು, ಎಡಕ್ಕೆ ಹಳೆಯದು ಬಲಕ್ಕೆ ಹೊಸದು ಬರೆದುಕೊಂಡು ಓದಿದೆ. ಈಗಲೂ ಅದು ಬ್ಯಾಗಿನಲ್ಲಿದೆ. ಹಿರಿಯರೂ ಕಿರಿಯರೂ ಒಂದೇ ಗೆರೆಯಲ್ಲಿ ನಿಲ್ಲುವ ಇಂಥ ಕಾಲ ನನ್ನ ಸರ್ವೀಸಿನಲ್ಲಿ ಮೊದಲು ಬಂದಿರಲಿಲ್ಲ.

ಇಂಗ್ಲಿಷ್ ವಿಷಯ. ತಾಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡದಲ್ಲಿ ದಾವಾ ಬರೆಯಬಹುದು, ವಾದ ಮಾಡಬಹುದು. ಸಾಕ್ಷಿ ಹೇಳುವುದಂತೂ ಕನ್ನಡದಲ್ಲೇ. ಹೈಕೋರ್ಟಿನಲ್ಲಿ ಇಂಗ್ಲಿಷ್ ಬೇಕು, ಅದು ಸಂವಿಧಾನದ 348ನೇ ವಿಧಿ. ಆದರೆ ಕೋರ್ಟಿನ ಇಂಗ್ಲಿಷ್ ಅಂದರೆ ಬೆಂಗಳೂರಿನ ಕಾಲೇಜು ಹುಡುಗರ ಇಂಗ್ಲಿಷ್ ಅಲ್ಲ. ದಿನಾ ಒಂದು ಹೈಕೋರ್ಟ್ ತೀರ್ಪು ತೆಗೆದುಕೊಂಡು ಅದರ ಮೊದಲ ಎರಡು ಪುಟ, ಬರೀ ಸಂಗತಿಗಳ ಭಾಗ, ಕನ್ನಡಕ್ಕೆ ಬರೆಯಿರಿ. ಮಾರನೇ ದಿನ ನಿಮ್ಮ ಕನ್ನಡವನ್ನು ನೋಡಿಕೊಂಡು ಮತ್ತೆ ಇಂಗ್ಲಿಷಿಗೆ. ನನಗೆ ಇಂಗ್ಲಿಷ್ ಬಂದದ್ದು ಹೀಗೆ, ನವಲಗುಂದದ ಕನ್ನಡ ಶಾಲೆಯವಳು ನಾನು. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಅನುವಾದದ್ದೇ ಒಂದು ಪತ್ರಿಕೆ ಇದೆ, ಅದಕ್ಕೂ ಆಗುತ್ತದೆ.

ಬೆಂಗಳೂರಿಗೆ ಹೋಗದಿದ್ದರೆ ದೊಡ್ಡ ಕೆಲಸ ಸಿಗುವುದಿಲ್ಲ ಅನ್ನುವುದು ನನ್ನ ಕಾಲದ ಮಾತು. ಆಗ ಅದು ನಿಜವೂ ಆಗಿತ್ತು. ಹೈಕೋರ್ಟ್ ಮೇಲ್ಮನವಿ ಅಂದರೆ ಫೈಲು ಕಟ್ಟಿಕೊಂಡು ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಬೇಕಿತ್ತು, ಬೆಳಿಗ್ಗೆ ಇಳಿದು ಅಲ್ಲಿನ ವಕೀಲರಿಗೆ ಒಪ್ಪಿಸಿ ಬರಬೇಕಿತ್ತು. ಫೈಲಿನ ಜೊತೆ ಫೀಸೂ ಅಲ್ಲೇ ಇಳಿಯುತ್ತಿತ್ತು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಈಗ ಬೆಳಗಾವಿ, ಬಾಗಲಕೋಟೆ, ಕಾರವಾರ, ಕೊಪ್ಪಳ, ಬಳ್ಳಾರಿಯ ಕಡೆಯವರು ನಮ್ಮೂರಿಗೆ ಬರುತ್ತಾರೆ. ನೀವು ಇನ್ನೂ ಹುಬ್ಬಳ್ಳಿಯಲ್ಲಿ ಕೂತು ಬೆಂಗಳೂರಿನ ಕಡೆ ನೋಡುತ್ತಿದ್ದೀರಿ. ತಿಂಗಳಿಗೆ ಒಂದು ದಿನ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬನ್ನಿ, ಬೆಳಗಾವಿ ರಸ್ತೆಯ ಪೀಠದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎರಡನೇ ಮೇಲ್ಮನವಿಗಳ ವಾದ ಕೇಳಿ. ಕೆಳಗಿನ ಕೋರ್ಟಿನಲ್ಲಿ ಯಾರೋ ಜೂನಿಯರ್ ಕೇಳದೆ ಬಿಟ್ಟ ಒಂದು ಪ್ರಶ್ನೆಗೆ ಮೇಲೆ ಎಷ್ಟು ಬೆಲೆ ಕಟ್ಟುತ್ತಾರೆ ಅಂತ ಕಾಣುತ್ತದೆ.

ಕೇಳಿದರೂ ಸೀನಿಯರ್ ಫೈಲು ಕೊಡಲಿಲ್ಲ ಅನ್ನಿ. ಎರಡು ತಿಂಗಳು ನೋಡಿ, ಆಫೀಸು ಬದಲಿಸಿ. ವೃತ್ತಿ ಬದಲಿಸುವ ಮೊದಲು ಆಫೀಸು ಬದಲಿಸುವುದು ಯಾಕೋ ನಮ್ಮ ಹುಡುಗರಿಗೆ ಹೊಳೆಯುವುದೇ ಇಲ್ಲ, ಗುರುದ್ರೋಹ ಅನ್ನಿಸುತ್ತದೆ. ಹೇಳಿ ಹೋದರೆ ದ್ರೋಹವಲ್ಲ. ಹಾವೇರಿಯಲ್ಲೋ ಬ್ಯಾಡಗಿಯಲ್ಲೋ ಸಣ್ಣ ಆಫೀಸು ಸಿಕ್ಕರೂ ನಡೆಯುತ್ತದೆ. ಮನೆಯಿಂದಲೇ ಹೋಗಿ ಬರಬಹುದು, ಬಾಡಿಗೆ ಉಳಿಯುತ್ತದೆ, ಮತ್ತು ತಾಲೂಕು ಕೋರ್ಟಿನಲ್ಲಿ ಜೂನಿಯರ್‌ಗೆ ಸಾಕ್ಷಿ ಬೇಗ ಸಿಗುತ್ತಾನೆ. ಕ್ರಿಮಿನಲ್ ಕಡೆ ಒಲವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ರಕ್ಷಣಾ ವಕೀಲರ ಕಚೇರಿಯಲ್ಲಿ ಸಹಾಯಕರ ಹುದ್ದೆಗೆ ಕರೆಯುತ್ತಾರಾ ಎಂದು ವಿಚಾರಿಸುತ್ತಿರಿ. ಗೌರವಧನ ಇರುತ್ತದೆ, ಖಾಸಗಿ ಕೇಸು ಹಿಡಿಯುವಂತಿಲ್ಲ, ಆದರೆ ಅಲ್ಲಿ ಬಡವರ ಕೇಸುಗಳನ್ನು ಕೋರ್ಟಿನಲ್ಲಿ ನಿಂತು ನಡೆಸುವುದೇ ಕೆಲಸ.

ಕಂಪನಿಯವರಿಗೆ ಸೇರಲು ಸಮಯ ಕೇಳಿ ನೋಡಿ. ಕೊಡಲಿಕ್ಕಿಲ್ಲ. ಅಲ್ಲಿ ನಿಮ್ಮ ಕೆಲಸ ಏನು ಅಂತ ಕೂಡ ಬಾಯಿಬಿಟ್ಟು ಕೇಳಿ. ಚೆಕ್ ಬೌನ್ಸ್ ನೋಟಿಸಿನ ಅಚ್ಚಿನಲ್ಲಿ ಹೆಸರು, ಮೊತ್ತ ತುಂಬುವುದಾದರೆ ಅದು ಈಗ ಮಾಡುತ್ತಿರುವ ವಾಯಿದೆ ಕೆಲಸವೇ, ಎಸಿ ಇದೆ ಅಷ್ಟೇ. ಆಸ್ತಿಯ ಕಾಗದಪತ್ರ ಪರಿಶೀಲನೆ ಅಂದರೆ ಬೇರೆ ಮಾತು, ಅದು ಕಲಿಕೆ.

ಅಪ್ಪನಿಗೆ ಒಂದು ದಿನ ಕೋರ್ಟ್ ತೋರಿಸಿ. ನೀವು ವಾಯಿದೆ ಕೇಳುವ ದಿನ ಬೇಡ, ಸಾಕ್ಷಿಗೆ ನಾಲ್ಕು ಪ್ರಶ್ನೆ ಕೇಳುವ ದಿನ ಕರೆದುಕೊಂಡು ಬನ್ನಿ. ಆದರೆ ಅದಕ್ಕೂ ಮೊದಲು ನಿಮ್ಮ ನೋಂದಣಿ ಪತ್ರ ತೆಗೆದು ಅದರ ಮೇಲಿನ ತಾರೀಖು ನೋಡಿ. ಎರಡೂವರೆ ವರ್ಷ ಅನ್ನುವುದು ನಿಮ್ಮ ಅಂದಾಜೋ, ಕಾಗದದ ಲೆಕ್ಕವೋ ಗೊತ್ತಾಗಲಿ. ಕಂಪನಿಗೆ ಉತ್ತರ ಬರೆಯುವುದು ಆಮೇಲೆ.